ಒಂದು ಗೇಣು

ಜನವರಿ 9, ಬೆಳಿಗ್ಗೆ

ಮತ್ತೆ ಐಸ್. ಎಡ ಮೊಣಕಾಲು ಊದಿಕೊಂಡಿದೆ. ಹತ್ತಕ್ಕೆ ಕಸದ ಲಾರಿಗಳ ಮೀಟಿಂಗ್, ಆಮೇಲೆ ಕೊಳಾಯಿ ಜಗಳ. ನಾಳೆ ಹೊಸ ಬಾಸ್ಕೆಟ್‌ಬಾಲ್ ಅಂಕಣದ ಉದ್ಘಾಟನೆ. ರಿಬ್ಬನ್ ಕತ್ತರಿಸಿ ಬರೋಣ ಎಂದಿದ್ದೆ. ಪಾಲಿಕೆಯ ಎಂಜಿನಿಯರ್ ಬಿಡಲಿಲ್ಲ. "ಸರ್, ಜನ ಮೇಯರ್ ನೋಡೋಕೆ ಬರಲ್ಲ. ನಿಮ್ಮ ಡಂಕ್ ನೋಡೋಕೆ ಬರ್ತಾರೆ."

ಐವತ್ತೆರಡು ತುಂಬಿದ ಮೇಲೆ ಹಾರಿ, ಚೆಂಡನ್ನು ಮೇಲಿಂದ ರಿಂಗಿಗೆ ತುರುಕಬೇಕಂತೆ. ಕಾಲು ನೋವು ಎಂದೆ. ನೋಡೋಣ ಬಿಡಿ ಸರ್ ಎಂದರು.

ಹೆಂಡತಿ ಐಸ್ ಚೀಲ ಬದಲಿಸುತ್ತಾ, "ಮೆಟ್ಟಿಲು ಇಳಿಯೋಕೆ ಗೋಡೆ ಹಿಡೀತೀರ. ಹಾರ್ತಾರಂತೆ ಹಾರ್ತಾರೆ!"

ಜನವರಿ 10, ಸಂಜೆ

ಹಾರಿದೆ. ಹಾಕಿದೆ. ಕಟ್ಟಡ ಬೀಳುವಷ್ಟು ಚಪ್ಪಾಳೆ.

ಆದರೆ... ಹಾರಿದ್ದು ಅರ್ಧ. ಅಷ್ಟರಲ್ಲೇ ರಿಂಗ್ ಕೈಗೆ ಬಂದುಬಿಟ್ಟಿತು. ಜನರ ಕಣ್ಣಿಗೆ ಕಾಣಲಿಲ್ಲ. ನನ್ನ ಬೆರಳಿಗೆ ಗೊತ್ತಾಯಿತು. ಸಂಬಳಕ್ಕೆ ಆಡಿದ ಕೈ ಇದು, ಇದಕ್ಕೆ ಸುಳ್ಳು ಹೇಳಲಾಗದು. ಆದರೂ ನೇತಾಡಿದೆ. ಕ್ಯಾಮೆರಾಗಳಿಗಾಗಿ ಇನ್ನೂ ಸ್ವಲ್ಪ ನೇತಾಡಿದೆ.

ಕಾರಿನಲ್ಲಿ ಎಂಜಿನಿಯರ್ ನಾಚಿಕೊಂಡು ಹೇಳಿದರು: "ಕಾಲು ನೋವು ಅಂದಿದ್ರಲ್ಲ ಸರ್, ರಿಂಗನ್ನ ಒಂದು ಗೇಣು ಇಳಿಸ್ದೆ. ಒಂದನ್ನೇ ಇಳಿಸಿದ್ರೆ ಕಣ್ಣಿಗೆ ಬೀಳತ್ತೆ ಅಂತ ಎರಡೂ ಕಡೆ."

ನಾಳೆಯೇ ಏರಿಸಿ ಎನ್ನಬೇಕಿತ್ತು. ಥ್ಯಾಂಕ್ಸ್ ಎಂದೆ.

ಜನವರಿ 13

ಪೇಪರಿನಲ್ಲಿ ಫೋಟೊ. ಪಕ್ಷದವರು ಆಗಲೇ ಎಲೆಕ್ಷನ್ ಪೋಸ್ಟರ್ ಮಾಡಿಸಿದ್ದಾರೆ. ರಿಂಗಿಗೆ ನೇತುಬಿದ್ದ ನಾನು, ಕೆಳಗೆ ದಪ್ಪ ಅಕ್ಷರ — "ಇನ್ನೂ ಎತ್ತರಕ್ಕೆ." ಓದಿ ಮೈ ಪರಚಿಕೊಳ್ಳುವಂತಾಯಿತು.

ರಿಂಗ್ ಏರಿಸಿಬಿಡಿ ಎಂದು ಎಂಜಿನಿಯರಿಗೆ ಇವತ್ತು ಹೇಳಿದೆ. "ಈಗ ಮುಟ್ಟಿದ್ರೆ ಪೇಪರಿನವರು ಯಾಕೆ ಅಂತಾರೆ ಸರ್. ಎಲೆಕ್ಷನ್ ಮುಗೀಲಿ." ಅದೂ ಸರಿಯೇ. ಸರಿ ಅನ್ನಿಸಿದ್ದು ನನಗೆ ಅನುಕೂಲವಾಗಿದ್ದಕ್ಕೆ.

ಜನವರಿ 28, ಸಂಜೆ

ಹುಡುಗಿಯರ ತಂಡದ ಪ್ರಾಕ್ಟೀಸ್ ಹೊಸ ಅಂಕಣಕ್ಕೆ ಬಂದು ಎರಡು ವಾರವಾಯಿತಂತೆ. ನನ್ನ ಮಗಳೂ ಅದರಲ್ಲಿದ್ದಾಳೆ. ಹೇಗೆ ಹೊಳೆಯಲಿಲ್ಲ ನನಗೆ? ಹೊಳೆದಿತ್ತು. ಅದರ ಬಗ್ಗೆ ಯೋಚಿಸಲಿಲ್ಲ, ಅಷ್ಟೇ.

ಬ್ಯಾಗ್ ಎಸೆದು ಬಂದು ಕುತ್ತಿಗೆಗೆ ಜೋತುಬಿದ್ದಳು. "ಅಪ್ಪ, ಹೊಸ ಕೋರ್ಟ್ ಲಕ್ಕಿ! ಹಾಕಿದ್ದೆಲ್ಲ ಬೀಳತ್ತೆ."

ಹಿಂದೆಯೇ ಗಿಡ್ಡಣ್ಣನ ಫೋನ್. ಅವಳ ಕೋಚ್. ನಾನು ಆಡುತ್ತಿದ್ದಾಗ ನನಗೆ ಪಾಸ್ ಕೊಡುತ್ತಿದ್ದವನು. ಆಗಿನಿಂದ ಅವನು ಗಿಡ್ಡಣ್ಣ, ನಾನು ಏಣಿ. "ಲೋ ಏಣಿ, ಮುಂದಿನ ತಿಂಗಳು ಆಯ್ಕೆ ಪಂದ್ಯ. ನಿನ್ನ ಮಗಳು ದೊಡ್ಡ ತಂಡಕ್ಕೆ ಹೋದ್ಲು ಅಂತಲೇ ತಿಳ್ಕೋ. ಕಣ್ಣು ಮುಚ್ಚಿ ಎಸೆದ್ರೂ ಬೀಳತ್ತೆ ಕಣೋ!"

ಬಾಯಲ್ಲಿ ಬಿಸಿ ತುಪ್ಪ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಎಂಜಿನಿಯರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಲಿಲ್ಲ.

ಫೆಬ್ರವರಿ 20

ಆಯ್ಕೆ ಪಂದ್ಯ. ಪಕ್ಕದ ಊರಿನ ಅಂಕಣ. ನನಗೆ ಮುಂದಿನ ಸಾಲಿನಲ್ಲಿ ಸೋಫಾ.

ಮಗಳ ಮೊದಲ ಚೆಂಡು ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್. ಎರಡನೆಯದೂ. ನಮ್ಮ ಹುಡುಗಿಯರೆಲ್ಲರದೂ ಅಷ್ಟೇ — ಎಲ್ಲ ಸ್ವಲ್ಪ ಕೆಳಗೆ, ಎಲ್ಲ ಅದೇ ಅಂಚಿಗೆ. ತಗ್ಗಿದ ರಿಂಗಿಗೆ ಪಳಗಿದ ಕೈಗಳು; ಅಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಗಿಡ್ಡಣ್ಣ "ಕೈ ಎತ್ತಮ್ಮ, ಕೈ ಎತ್ತು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಮಗಳು ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ಬೆಂಚಿಗೆ ಕೂರಿಸಿದರು.

ಒಬ್ಬಳೂ ಆಯ್ಕೆಯಾಗಲಿಲ್ಲ.

ಕಾರಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು, "ನಂಗೆ ಆಟ ಬರಲ್ಲ ಅಪ್ಪ. ನಿಮ್ಮ ಮಗಳು ಅಂತ ಸೇರಿಸ್ಕೊಂಡಿದ್ರು ಅಷ್ಟೇ."

ಸೋಲು ಗೆಲುವು ಇದ್ದದ್ದೇ ಎಂದೆ. ಥೂ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಮನೆಗೆ ಬಂದವಳೇ ಶೂಗಳನ್ನು ಅಟ್ಟಕ್ಕೆ ಎಸೆದಳು.

ಫೆಬ್ರವರಿ 24

ಗಿಡ್ಡಣ್ಣ ಆಫೀಸಿಗೆ ನುಗ್ಗಿದ. ಕೈಯಲ್ಲಿ ಅಳತೆ ಟೇಪು. "ಒಂದು ಗೇಣು ಕಡಿಮೆ ಇದೆ ಕಣೋ! ಎರಡೂ ಕಡೆ! ನಾನೊಬ್ಬ ದಡ್ಡ, ಮೊದಲೇ ಅಳೀಬೇಕಿತ್ತು. ನೀನೇ ಡಂಕ್ ಹೊಡೆದು ಇಳಿದ ರಿಂಗು, ಅದಕ್ಕೆ ಟೇಪ್ ಯಾಕೆ ಅಂದ್ಕೊಂಡೆ."

ಹಾಗೆಂದು ನನ್ನ ಮುಖ ನೋಡಿದ. ಒಂದು ಕ್ಷಣ ಅವನಿಗೆ ಹೊಳೆಯಿತು ಎಂದುಕೊಂಡೆ. ಹೊಳೆಯಲಿ ಎಂದೂ ಆಸೆಪಟ್ಟೆ.

"ಆವತ್ತು ಆ ಗದ್ದಲದಲ್ಲಿ ನಿಂಗೂ ತಿಳಿದಿರಲ್ಲ ಬಿಡು," ಎಂದ.

ಹೌದು ಕಣೋ ಎಂದೆ.

ಫೆಬ್ರವರಿ 26

ಪಾಲಿಕೆ ಸಭೆ. ವಿರೋಧ ಪಕ್ಷದವರು ಟೇಪು ಹಿಡಿದೇ ಬಂದಿದ್ದರು. ತಪ್ಪಿತಸ್ಥರನ್ನು ಬಿಡುವುದಿಲ್ಲ ಎಂದು ಮೇಜು ಗುದ್ದಿದೆ. ಎಂಜಿನಿಯರ್ ಎದ್ದು ನಿಂತರು.

"ಅಳತೆಯಲ್ಲಿ ನನ್ನಿಂದ ತಪ್ಪಾಯ್ತು ಸರ್."

ಅಷ್ಟೇ. ಕೂತರು. ನನ್ನ ಕಡೆ ನೋಡಲೂ ಇಲ್ಲ. ಸಸ್ಪೆಂಡ್ ಆದೇಶಕ್ಕೆ ಸಹಿ ಹಾಕಿದವನು ನಾನು.

ಊಟಕ್ಕೆ ಕೂತಾಗ ಹೆಂಡತಿ, "ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕ್ರೀ ಹೆಗಲು ಮುಟ್ಟಿ ನೋಡ್ಕೋತೀರ? ಎಂಜಿನಿಯರ್ ಸುದ್ದಿ ಎತ್ತಿದ್ರೆ ತಟ್ಟೆ ಬಿಟ್ಟು ಏಳ್ತೀರಲ್ಲ." ಬಡಿಸುತ್ತಲೇ ಹೇಳಿದಳು. ನಗಲಿಲ್ಲ.

ಮಾರ್ಚ್ 4, ಸಂಜೆ

ರಿಂಗ್ ಏರಿಸಿದ್ದಾರೆ. ಮಗಳು ಅಟ್ಟದಿಂದ ಶೂ ಇಳಿಸಿಕೊಂಡಳು. ಖುಷಿಯಾಯಿತು. "ಬನ್ನಿ ಅಪ್ಪ," ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಅಂಕಣದಲ್ಲಿ ನಾವಿಬ್ಬರೇ.

"ಒಂದ್ಸಲ ಹಾರಿ ನೋಡೋಣ."

ಮೊಣಕಾಲಿನ ನೆಪ ಹೇಳಿದೆ. ಕೇಳಲಿಲ್ಲ. ಹಾರಿದೆ. ಬೆರಳ ತುದಿಗೆ ಬಲೆ ಸಿಕ್ಕಿತು. ರಿಂಗ್ ಸಿಗಲಿಲ್ಲ. ಕುಂಟುತ್ತಾ ಇಳಿದೆ.

ಅವಳು ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಮೇಲೆ ನೋಡಿದಳು. ನನ್ನ ಕೈ ನೋಡಿದಳು.

"ಆವತ್ತು ಸಿಕ್ಕಿತ್ತಲ್ಲ ಅಪ್ಪ. ಗೊತ್ತಾಗ್ಲಿಲ್ವಾ ನಿಮಗೆ?"

ಗಿಡ್ಡಣ್ಣನಂತೆ ಇವಳು ತಪ್ಪಿಸಿಕೊಳ್ಳುವ ದಾರಿ ಕೊಡಲಿಲ್ಲ.

"ಗೊತ್ತಾಯ್ತು," ಎಂದೆ.

ಚೆಂಡನ್ನು ನನ್ನ ಕೈಗಿಟ್ಟಳು. ಕಾರಿಗೆ ಹತ್ತಲಿಲ್ಲ. ನಡೆದುಕೊಂಡೇ ಮನೆಗೆ ಹೋದಳು.

ಮಾರ್ಚ್ 5, ಬೆಳಿಗ್ಗೆ

ಹತ್ತಕ್ಕೆ ವಿಶೇಷ ಸಭೆ ಕರೆದಿದ್ದೇನೆ. ಎಂಜಿನಿಯರಿಗೂ ಗಿಡ್ಡಣ್ಣನಿಗೂ ಬರಲು ಹೇಳಿದ್ದೇನೆ. ಏನು ವಿಷಯವೋ ಎಂದ ಗಿಡ್ಡಣ್ಣ. ಬಾ ಎಂದೆ. ಪಕ್ಷದವರಿಗೆ ಹೇಳಿಲ್ಲ. ಎದುರು ಗೋಡೆಯ ಪೋಸ್ಟರಿನಲ್ಲಿ ಇನ್ನೂ ನೇತಾಡುತ್ತಲೇ ಇದ್ದೇನೆ.

ಭಾಷಣ ಬರೆಯಲು ಕೂತೆ. ಎರಡು ಸಲ ಬರೆದೆ, ಎರಡರಲ್ಲೂ ನಾನು ಒಳ್ಳೆಯವನಂತೆಯೇ ಕಾಣುತ್ತಿದ್ದೆ. ಹರಿದು ಹಾಕಿದೆ.

ನಿನ್ನೆಯಿಂದ ಮಾತಾಡದ ಮಗಳು ಈಗ ಬಾಗಿಲಲ್ಲಿ. ತಾನೂ ಬರುತ್ತಾಳಂತೆ. ಕೊನೆಯ ಸಾಲಿನಲ್ಲಿ ಕೂತು ಕೇಳುತ್ತಾಳಂತೆ. ಬೇಡ ಎನ್ನಲು ಬಾಯಿ ತೆರೆದೆ. ಆಗಲಿ ಎಂದೆ.

ಹೊರಗೆ ಹಾರ್ನ್. ಅವಳು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ, ಬಾಗಿಲು ತೆರೆದಿಟ್ಟುಕೊಂಡು. ಮೊದಲ ಮಾತು ಇನ್ನೂ ಹೊಳೆದಿಲ್ಲ. ಹೊರಟೆ.