ಭುವನಾ ಹಾರಿದ ದಿನ

ಶಹಾಬಜಾರ, ಕಲಬುರಗಿ
೧೪ ಜೂನ್ ೨೦೨೪, ಶುಕ್ರವಾರ

ಸೊಸೆಯಾದರೂ ಮಗಳಂತಿರುವ ಶೀಲಾಳಿಗೆ ಮಾವ ಅಣವೀರಪ್ಪನ ಆಶೀರ್ವಾದಗಳು.

ಹೇಗಿದ್ದೀ ತಾಯಿ? ಭುವನಾಳ ಕಾಲಿನ ಬಾವು ಇಳಿದಿದೆಯೇ? ಪ್ಲಾಸ್ಟರಿನೊಳಗೆ ತುರಿಸುತ್ತದೆಂದು ಅಳುತ್ತಾಳಂತೆ. ಕಡ್ಡಿ ಹಾಕಿ ಕೆರೆಯಲು ಮಾತ್ರ ಬಿಡಬೇಡ. ಅಲ್ಲಿ ಕಮಲಾಪುರದಲ್ಲಿ ನಿಮ್ಮ ತಾಯಿ ಶಿವಕಾಂತಮ್ಮನವರಿಗೂ ಮೊಣಕಾಲು ನೋವು, ಆರು ವರ್ಷದ ಕೂಸನ್ನು ಎತ್ತಿ ಇಳಿಸುವುದು ಅವರ ಕೈಲಾಗುವ ಕೆಲಸವಲ್ಲ. ಇಲ್ಲಿ ಎರಡು ಮಳೆ ಬಿದ್ದಿವೆ. ನನ್ನ ಮಗರಾಯ ಸುನೀಲ ಸ್ಟೇಶನ್ ಬಜಾರದಲ್ಲಿ ಅಂಗಡಿಯ ಹತ್ತಿರದ ಖಾನಾವಳಿಯಲ್ಲೇ ಉಣ್ಣುತ್ತಾನೆ. ನನಗೆ ಪಕ್ಕದ ಮನೆಯಿಂದ ರೊಟ್ಟಿ ಬರುತ್ತದೆ. ನಿನ್ನೆ ಪುಂಡಿಪಲ್ಯ ಮಾಡಹೋಗಿ ತಳ ಹತ್ತಿಸಿದೆ.

ಫೋನು ಮಾಡಿದರೆ ನೀನು "ಆರಾಮ ಇದ್ದಾಳ್ರಿ ಮಾವಾರ" ಎಂದು ಕೂಸಿನ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆಯಲು ಕೂತೆ. ಬೇಸಿಗೆ ರಜೆಯಲ್ಲಿ ನೀನು ಕುಸನೂರಿನ ಕಡೆ ನಿನ್ನ ಆಫೀಸಿಗೆ, ಸುನೀಲ ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ನಾನು, ಭುವನಾ, ಟೀವಿ. ನಾಲ್ಕು ಗಂಟೆಗೆ ಆ ಕಾರ್ಯಕ್ರಮ. ಅದರಲ್ಲಿ ಒಬ್ಬ ಹುಡುಗಿ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾಳೆ, ಎಷ್ಟು ಎತ್ತರದಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತಾಳೆ. ಅದನ್ನು ನೋಡಿ ನಮ್ಮವಳು ಮೊದಲು ಮಂಚದಿಂದ ಹಾರಿದಳು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಕಿಟಕಿಯ ಕಟ್ಟೆಯಿಂದ ಹಾರಿದಳು. ಅದಕ್ಕೂ ತಟ್ಟಿದೆ.

ಒಂದು ಸಂಜೆ ನೀನು ಅದನ್ನು ಕಂಡು, ಚೀಲ ಕೆಳಗಿಡುವ ಮೊದಲೇ, "ಮಾವಾರ, ಇದು ಬಂದ್ ಮಾಡ್ರಿ. ಅಕಿ ಸಣ್ಣಾಕಿ, ಟೀವ್ಯಾಗಿಂದೆಲ್ಲ ಖರೇ ಅಂತ ತಿಳಕೋತಾಳ" ಅಂದಿ. ನಾನು ನಕ್ಕು, "ನಾವೂ ಬಯಲಾಟ ನೋಡೇ ದೊಡ್ಡವರಾಗೀವಿ. ನಾವೇನು ಗದಾ ಹಿಡದು ಓಣ್ಯಾಗ ತಿರುಗಿದ್ವೇನು?" ಎಂದೆ. ನೀನು ಸುನೀಲನಿಗೆ ಹೇಳಿದಿ. ಅವನು "ಮುದುಕರ ಮನಸ್ಸು ಯಾಕ ನೋಯಿಸ್ತಿ, ಬಿಡು" ಅಂದ. ಹೀಗೆ ಅಪ್ಪ ಮಗ ಇಬ್ಬರೂ ಸೇರಿ ನಿನ್ನ ಬಾಯಿ ಮುಚ್ಚಿಸಿದೆವು. ಇಪ್ಪತ್ತೆಂಟು ವರ್ಷ ಬಸ್ಸಿನ ಕಂಡಕ್ಟರ್ ಆಗಿ, ಬಾಗಿಲಲ್ಲಿ ಜೋತುಬಿದ್ದ ಎಷ್ಟೋ ಮಕ್ಕಳನ್ನು ರಟ್ಟೆ ಹಿಡಿದು ಒಳಗೆ ಎಳೆದವನು ನಾನು. ಪರರ ಮಕ್ಕಳ ಮೇಲಿದ್ದ ಎಚ್ಚರ ಮನೆಯ ಕೂಸಿನ ಮೇಲೆ ಇರಲಿಲ್ಲ.

ಅವತ್ತು ಅವಳು ನಿನ್ನ ಓಢಣಿಯನ್ನು ಹೆಗಲಿಗೆ ಕಟ್ಟಿಕೊಂಡು, ಮಾಳಿಗೆಯಿಂದ ಪಕ್ಕದವರು ಹಾಕಿಸಿದ್ದ ಉಸುಕಿನ ರಾಶಿಗೆ ಹಾರಿದಳು. ರಾಶಿ ತಪ್ಪಿ ಕಲ್ಲಿನ ಮೇಲೆ ಬಿದ್ದಳು. ನಮ್ಮ ಓಣಿಯ ಶಬ್ಬೀರ್ ತನ್ನ ಆಟೋ ಗಲ್ಲಿಯೊಳಗೇ ತಂದ. ದವಾಖಾನೆಗೆ ಹೋಗುವಾಗ ನನ್ನ ತೊಡೆಯ ಮೇಲೆ ಮಲಗಿ ಅವಳು ಅಳಲೂ ಇಲ್ಲ. "ಅಜ್ಜಾ, ಟೀವ್ಯಾಗಿನ ಅಕಿಗಿ ಯಾಕ ನೋವಾಗಂಗಿಲ್ಲ?" ಎಂದು ಕೇಳಿದಳು. ಟೀವಿಯ ಹಾರಾಟ ಬರೀ ಆಟ, ನಿಜವಲ್ಲ ಎಂಬ ಮಾತನ್ನು ಅವಳು ಮಂಚದಿಂದ ಹಾರಿದ ದಿನವೇ ನಾನು ಕೂರಿಸಿಕೊಂಡು ಹೇಳಬೇಕಿತ್ತು.

ಮುರಿದದ್ದು ಬೆಳೆಯುವ ಎಲುಬು, ಎಡಗಾಲು ತುಸು ಗಿಡ್ಡ ಉಳಿದರೂ ಉಳಿಯಬಹುದು ಎಂದು ಡಾಕ್ಟರು ಹೇಳಿದಾಗ ಸುನೀಲ ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದ. "ನಿನಗ ನೌಕರೀನೇ ದೊಡ್ಡದಾತು. ತಾಯಿ ಅನ್ನಾಕಿ ಮನ್ಯಾಗ ಇದ್ದಿದ್ರ ಹಿಂಗಾಗ್ತಿತ್ತೇನು?" ನೀನು ನನ್ನ ಕಡೆ ತಿರುಗಿ, "ಮಾವಾರ, ನೀವರ ಹೇಳ್ರಿ" ಅಂದಿ. ನಾನು "ನಂಗ ಜರಾ ಕಣ್ಣು ಹತ್ತಿತ್ತವ್ವಾ" ಎಂದು ನೆಲ ನೋಡಿದೆ. ಮೂರನೇ ದಿನ ನೀನು ಕೂಸನ್ನು ಕರೆದುಕೊಂಡು ಕಮಲಾಪುರಕ್ಕೆ ಹೊರಟಿ. ಬಾಗಿಲಲ್ಲಿ "ಅವ್ವನ ಬಲ್ಲಿ ಇರ್ತೀನ್ರಿ" ಎಂದಷ್ಟೇ ಹೇಳಿದಿ. ತಡೆಯುವ ಮುಖ ನನಗಿರಲಿಲ್ಲ.

ಟೀವಿಯನ್ನು ಬೈದುಕೊಂಡು ಕೂರುವುದು ಸುಲಭ. ಅದು ತೋರಿಸಿತು, ನಿಜ. ಕೂಸಿನ ಪಕ್ಕದಲ್ಲಿ ಕೂತಿದ್ದವನು ನಾನು. ಎಚ್ಚರಿಸಿದವಳು ನೀನೊಬ್ಬಳೇ, ಬೈಗುಳ ತಿಂದವಳೂ ನೀನೇ.

ಬಸವಣ್ಣ ನಿನ್ನನ್ನೂ ಕೂಸನ್ನೂ ಚೆನ್ನಾಗಿಡಲಿ. ಬೀಗತಿಯವರಿಗೆ ನನ್ನ ಶರಣು ತಿಳಿಸು.

ಇಂತಿ,
ನಿನ್ನ ಮಾವ
ಅಣವೀರಪ್ಪ

ಮರೆತ ಮಾತು, ಶನಿವಾರ ಮಧ್ಯಾಹ್ನ: ಮರೆತದ್ದಲ್ಲ, ನಿನ್ನೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ನನಗೆ ಕಣ್ಣು ಹತ್ತಿರಲಿಲ್ಲ. ಭುವನಾ ಬಾಗಿಲಲ್ಲಿ ನಿಂತು ಎರಡು ಸಲ ಕೇಳಿದಳು, "ಅಜ್ಜಾ, ಮಾಳಿಗಿ ಮ್ಯಾಲಿಂದ ಹಾರ್ಲೇನು?" ನಾನು ಟೀವಿಯಿಂದ ಕಣ್ಣು ಕೀಳದೆ "ಹೂಂ, ಹಾರು" ಅಂದೆ. ಏನು ಕೇಳಿದಳೆಂದು ತಲೆಗೆ ಹೋದದ್ದು ಹೊರಗೆ ಸಪ್ಪಳವಾದ ಮೇಲೆ. ಇವತ್ತು ಮುಂಜಾನೆ ಸುನೀಲನಿಗೆ ಎಲ್ಲ ಹೇಳಿದೆ. ಚಹಾ ಅಲ್ಲೇ ಬಿಟ್ಟು ಎದ್ದು ಹೋದ. ಅವನು ಕಮಲಾಪುರದ ಬಸ್ಸು ಹತ್ತಿದ್ದನ್ನು ಶಬ್ಬೀರ್ ನೋಡಿದನಂತೆ. ಈ ಕಾಗದಕ್ಕಿಂತ ಮೊದಲು ಅವನೇ ನಿನ್ನೆದುರು ನಿಂತಿರುತ್ತಾನೆ. ಅವನನ್ನು ಒಳಗೆ ಕರೆಯುವುದೂ ಬಿಡುವುದೂ ನಿನ್ನ ಇಚ್ಛೆ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ದವಾಖಾನೆಯಲ್ಲಿ ಅವನು "ಯಾರಿಗಿ ಕೇಳಿ ಹಾರಿದಿ?" ಎಂದು ಕೂಸಿಗೆ ಗದರಿದಾಗ ಅವಳು ನನ್ನ ಮುಖ ನೋಡಿ ಸುಮ್ಮನಾದಳು. ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ. ನೀನು ಅವಳನ್ನು ಹತ್ತಿರ ಕೂರಿಸಿಕೊಂಡು, ತಪ್ಪು ಅಜ್ಜನದು, ಅವಳದಲ್ಲ ಎಂದು ಹೇಳಿಬಿಡು ತಾಯಿ. ಅವಳು ಕೇಳಿಯೇ ಹಾರಿದ್ದಳು.