ಬಚ್ಚಲು ತಿಕ್ಕಿದ ಅಮ್ಮನಿಗೆ

ಕೊತ್ತತ್ತಿ
೧೯ ಆಗಸ್ಟ್ ೨೦೨೪, ಸೋಮವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಕಿರುಗಾವಲಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಊಟ ಆದಮೇಲೇ ನುಂಗು. ಬರೀ ಹೊಟ್ಟೆಯಲ್ಲಿ ನುಂಗಿ ಆಮೇಲೆ ಉರಿ ಉರಿ ಎನ್ನಬೇಡ. ಇಲ್ಲಿ ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ನಡೆದಿದೆ. ನಿನ್ನ ಮೊಮ್ಮಗಳು ಚಂದನ ದಿನಾ ಅಜ್ಜಿ ಯಾವಾಗ ಬರುತ್ತಾಳೆ ಎಂದು ಪ್ರಾಣ ತಿನ್ನುತ್ತಾಳೆ. ಫೋನು ಮಾಡಿದರೆ ಅತ್ತೆ ಪಕ್ಕದಲ್ಲೇ ಬಂದು ಕೂರುತ್ತಾರೆ, ಅದಕ್ಕೇ ಈ ಕಾಗದ. ಏಳನೇ ಕ್ಲಾಸು ಓದಿದವಳು ನೀನು, ಇದನ್ನು ಬೇರೆಯವರ ಕೈಯಲ್ಲಿ ಓದಿಸಬೇಡ.

ಅಮ್ಮಾ, ನಿನ್ನ ಮೇಲೆ ನನಗೆ ಕೋಪ ಬಂದಿದೆ. ಅತ್ತೆಯ ಮೇಲಿರುವುದಕ್ಕಿಂತ, ಗಂಡನ ಮೇಲಿರುವುದಕ್ಕಿಂತ ಹೆಚ್ಚು. ನಾನು ಎರಡು ಸಲವೂ ಬಚ್ಚಲಲ್ಲಿ ಜಾರಿ ಬೀಳಲಿಲ್ಲ. ಎರಡು ಸಲವೂ ನಿನ್ನ ಅಳಿಯ ಶಶಿಧರ್ ನನ್ನನ್ನು ನಿಂತುಹೋದ ಒಂದು ಆಲೆಮನೆಗೆ ಕರೆದುಕೊಂಡು ಹೋದರು. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಪಕ್ಕ ಮಂಚ ಹಾಕಿದ್ದರು. ಹೊಟ್ಟೆಯ ಮೇಲೆ ಮಿಷನ್ ಆಡಿಸಿದವನು ಹೆಣ್ಣು ಎಂದ. ಮಾರನೇ ದಿನ ಮಾತ್ರೆ ನುಂಗಿಸಿದರು. ನೀನು ಓಡಿಬಂದಾಗ ಅತ್ತೆ, “ಬಚ್ಚಲಲ್ಲಿ ಜಾರ್ಬುಟ್ಲು ಕಣಮ್ಮ” ಎಂದರು. ನಾನೂ ಹೌದು ಎಂದೆ. ನೀನು, “ವಸಿ ಉಸಾರಾಗಿ ನಡೀಬಾರ್ದಾ ಮಗಾ” ಎಂದು ಸೆರಗು ಸಿಕ್ಕಿಸಿ, ಬ್ಲೀಚಿಂಗ್ ಪೌಡರ್ ಸುರಿದು ಬಚ್ಚಲು ತಿಕ್ಕುತ್ತಾ ಕೂತೆ. ಅಲ್ಲಿ ಪಾಚಿಯೇ ಇರಲಿಲ್ಲವಲ್ಲ, ಅಮ್ಮಾ! ಎರಡನೇ ಸಲ ನೀನು ಅಪ್ಪನಿಗೆ ಹೇಳಿ ಒರಟು ಟೈಲ್ಸ್ ಹಾಕಿಸಿದೆ. ಈಗ ಅಲ್ಲಿ ಇರುವೆ ಕೂಡ ಜಾರುವುದಿಲ್ಲ.

ನಾನು ಯಾಕೆ ಸುಳ್ಳು ಹೇಳಿದೆ ಅಂತೀಯಾ? ಗಂಡ ಬಾಗಿಲಲ್ಲೇ ನಿಂತಿದ್ದರು. ಮತ್ತೆ, ಆ ಸುಳ್ಳನ್ನು ನೀನು ನಂಬುವುದಿಲ್ಲ ಎಂಬ ಧೈರ್ಯವಿತ್ತು. ಚಿಕ್ಕಂದಿನಲ್ಲಿ ನನ್ನ ಮುಖ ನೋಡಿಯೇ ಜ್ವರ ಎನ್ನುತ್ತಿದ್ದವಳು ನೀನು. ನಿನಗೆ ಗೊತ್ತಾಗಿತ್ತು. ನಂಬಿದರೆ ಬಚ್ಚಲು ತಿಕ್ಕಿದರೆ ಮುಗಿಯುತ್ತಿತ್ತು, ನಂಬದಿದ್ದರೆ ನನ್ನನ್ನು ಮನೆಗೆ ಕರೆದುಕೊಂಡು ಹೋಗಬೇಕಾಗುತ್ತಿತ್ತು. ಅದಕ್ಕೇ ನಂಬಿದೆ. ಬೀಗರ ಮರ್ಯಾದೆ ಉಳಿಯಿತು, ಅಪ್ಪನ ಮರ್ಯಾದೆಯೂ ಉಳಿಯಿತು. ನನ್ನ ಎರಡು ಮಕ್ಕಳು ಹೋದವು.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಕೋಪದಲ್ಲಿ ಬರೆದಿದ್ದೇನೆ, ತಪ್ಪಾಯಿತು ಎಂದು ಮಾತ್ರ ಹೇಳುವುದಿಲ್ಲ.

ನಿನ್ನ ಮಗಳು,
ನಯನ

ಅವಸರದಲ್ಲಿ: ಅತ್ತೆ ಹಿತ್ತಲಿಂದ ಬರುತ್ತಿದ್ದಾರೆ. ನನಗೆ ಮತ್ತೆ ಮೂರು ತಿಂಗಳು. ಶನಿವಾರ ಕರೆದುಕೊಂಡು ಹೋಗುತ್ತಾರಂತೆ. ಶುಕ್ರವಾರ ಚಂದನಳನ್ನು ಸ್ಕೂಲಿಗೆ ಬಿಡುವವಳಂತೆ ಹೊರಟು, ಅವಳನ್ನೂ ಕರೆದುಕೊಂಡು ಬಸ್ಸು ಹತ್ತುತ್ತೇನೆ. ಹಿಂದೆಯೇ ಶಶಿಧರ್ ಬರುತ್ತಾರೆ, ಕೈ ಮುಗಿಯುತ್ತಾರೆ, ಏನೇನೋ ಹೇಳುತ್ತಾರೆ. ಈ ಸಲ ನಂಬಬೇಡ ಅಮ್ಮಾ.