ಗಡಹಿಂಗ್ಲಜ, ಎರಡು ಇಪ್ಪತ್ತು

ಆಗಸ್ಟ್ 11, ರವಿವಾರ. ಬೆಳಿಗ್ಗೆ 9.20

ಇವತ್ತು ನಲವತ್ತೆರಡು ಕಿ.ಮೀ. ಕಬನೂರ ದಾಟಿ ಹಾತಕಣಂಗಲೆ, ಅಲ್ಲಿಂದ ಸ್ವಲ್ಪ ಹೆದ್ದಾರಿ, ವಾಪಸು. ಕುಳಿತುಕೊಳ್ಳಲು ಆಗುತ್ತಿಲ್ಲ. ಅಡುಗೆ ಕಟ್ಟೆಯ ಮೇಲೆ ವಹಿ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.

ಸ್ನೇಹಲ ಮುಂದೆ, ನಾನು ಹಿಂದೆ. ಕಾಲೇಜಿನಿಂದಲೂ ಹಾಗೇ. ಈಗ ಅವಳು ಕೊಲ್ಹಾಪುರದಲ್ಲಿ ಬ್ಯಾಂಕಿನ ಆಫೀಸರು, ಒಂದೇ ಸವಾರಿಯಲ್ಲಿ ಆರುನೂರು ಕಿ.ಮೀ. ಹೊಡೆದವಳು. ಇವತ್ತಿನ ಪಾಠ — ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. "ಗೇರ್ ಹಗರ ಇಡ. ಜೋರ್ ಹಾಕಿ ತುಳೀಬ್ಯಾಡ, ಕಾಲ ತಿರುಗಲಿ ಸುಮ್ನ." ನಾನಿನ್ನೂ ಮೂರನೇ ಇಯತ್ತೆ ಎನ್ನುವ ಹಾಗೆ ಹೇಳುತ್ತಾಳೆ. ಇರಲಿ. ಕಲಿಸುವವರು ಬೇಕಲ್ಲ.

ಇವರು ಮಗ್ಗದ ಶೆಡ್ಡಿಗೆ ಹೊರಟಿದ್ದರು. ನಾನು ಗೋಡೆ ಹಿಡಿದು ನಡೆಯುವುದು ನೋಡಿ ನಕ್ಕರು. "ಇಷ್ಟ ತ್ರಾಸ ತಗೊಂಡ ಎಲ್ಲಿಗೆ ಹೋಗೂದೈತಿ ನೇತ್ರಾ? ಮನ್ಯಾಗ ಕಾರ್ ಐತಿ." ಅಂದರೂ ಸೈಕಲ್ ಕೊಡಿಸಿದವರು ಅವರೇ. ಸಿಟ್ಟು ಬರಲಿಲ್ಲ.

ಆಗಸ್ಟ್ 14

ಅತ್ತೆ ಓಣಿಯವರ ಮುಂದೆ ಹೇಳುತ್ತಿದ್ದರು, "ನಮ್ಮ ಸೊಸಿ ಮುಂಜಾನೆದ್ದು ಹಾಲಿನವನಕಿಂತ ಮೊದಲ ಊರ ಸುತ್ತಿ ಬರ್ತಾಳ್ರಿ." ಬೈಗುಳವೋ ಹೆಮ್ಮೆಯೋ ಗೊತ್ತಾಗಲಿಲ್ಲ. ಹೆಮ್ಮೆ ಅಂತ ಇಟ್ಟುಕೊಂಡೆ.

ಸೆಪ್ಟೆಂಬರ್ 8, ರವಿವಾರ. ಮಧ್ಯಾಹ್ನ

ನೂರು ಆಯಿತು. ಕಾಗಲ ದಾಟಿ ನಿಪ್ಪಾಣಿ ತನಕ ಹೋಗಿ ಬಂದೆವು. ಟ್ರಕ್ಕಿನವರು ಹಾರ್ನ್ ಹೊಡೆದರು, ಒಬ್ಬ ನಮಸ್ಕಾರವನ್ನೂ ಮಾಡಿದ.

ಅಕ್ಟೋಬರಿನಲ್ಲಿ ಬಿಆರ್‌ಎಮ್ ಇದೆ, ದೂರದ ಸೈಕಲ್ ಸವಾರಿ. ಹೆಸರು ಕೊಟ್ಟೆ. ರೇಸ್ ಅಲ್ಲ, ಮೊದಲ ನಂಬರು ಕೊನೆ ನಂಬರು ಅಂತಿಲ್ಲ. ಹದಿಮೂರೂವರೆ ತಾಸಿನಲ್ಲಿ ಇನ್ನೂರು ಕಿ.ಮೀ. ಮುಗಿಸಿದರೆ ಸರಿ. ಕೊಲ್ಹಾಪುರದಿಂದ ನಿಪ್ಪಾಣಿ, ಸಂಕೇಶ್ವರ, ಗಡಹಿಂಗ್ಲಜ ಮೇಲಿಂದ ಆಜರಾ, ಅದೇ ದಾರಿಯಲ್ಲಿ ವಾಪಸು. ಪ್ರತಿಯೊಬ್ಬರಿಗೂ ಒಂದು ಕಾರ್ಡು. ಹೋಗುವಾಗ ಗಡಹಿಂಗ್ಲಜ, ಆಮೇಲೆ ಆಜರಾ, ಬರುವಾಗ ಮತ್ತೆ ಗಡಹಿಂಗ್ಲಜ — ಮೂರು ಕಡೆ ಮುದ್ರೆ. ಒಂದೊಂದು ಮುದ್ರೆಗೂ ಒಂದು ಕೊನೆಯ ಹೊತ್ತು. ಅದು ಮೀರಿತೋ, ಸವಾರಿ ಮುಗಿಯಿತು.

ಬಿ.ಕಾಂ. ಎರಡನೇ ವರ್ಷಕ್ಕೆ ಮದುವೆಯಾಯಿತು. ಪಾರ್ಲರ್ ಕೋರ್ಸು ಮಗಳು ಸಾಕ್ಷಿ ಹೊಟ್ಟೆಯಲ್ಲಿದ್ದಾಗ ಬಿಟ್ಟೆ. ಕಾರು ಕಲಿಯುವುದು ಹನ್ನೊಂದೇ ದಿನಕ್ಕೆ ನಿಂತಿತು. ಎಲ್ಲಕ್ಕೂ ಕಾರಣ ಇತ್ತು, ಎಲ್ಲವೂ ಒಳ್ಳೆಯ ಕಾರಣಗಳೇ. ಒಂದನ್ನಾದರೂ ಕೊನೆ ಮುಟ್ಟಿಸಬೇಕು. ಇದನ್ನು ಯಾರಿಗೂ ಹೇಳಿಲ್ಲ. ಸ್ನೇಹಲಗೆ ಮಾತ್ರ ಹೇಳಿದೆ, ನಿಪ್ಪಾಣಿಯಲ್ಲಿ ಚಹಾ ಕುಡಿಯುವಾಗ. ಅವಳು ನನ್ನ ಕೈ ಒತ್ತಿದಳು.

ಅಕ್ಟೋಬರ್ 20, ರವಿವಾರ. ಸಂಜೆ 6.40

ಮುಗಿಯಲಿಲ್ಲ.

ಬೆಳಿಗ್ಗೆ ಆರಕ್ಕೆ ಕೊಲ್ಹಾಪುರದಿಂದ ಹೊರಟದ್ದು. ಕಾರ್ಡು ಕೈಗೆ ಬಂದ ಕೂಡಲೇ ಸ್ನೇಹಲ, "ತಾ ಇಲ್ಲೆ, ಬೆವರಿಗೆ ತೊಯ್ಸಿಗೊಂಡೀ," ಅಂತ ಎರಡೂ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಗಡಹಿಂಗ್ಲಜದ ಮುದ್ರೆ ಆಯಿತು. ಆಜರಾ ಏರು ಹತ್ತಿದೆ, ಎಲ್ಲೂ ಇಳಿಯದೆ. ಆಜರಾ ಮುದ್ರೆ 12.05ಕ್ಕೆ. ವಾಪಸು ಬರುವಾಗ ಎದುರುಗಾಳಿ... ಗಡಹಿಂಗ್ಲಜಕ್ಕೆ ಇನ್ನು ನಾಲ್ಕು ಕಿ.ಮೀ. ಇರುವಾಗ ಸ್ನೇಹಲ ಚಹಾದಂಗಡಿಯ ಮುಂದೆ ನಿಂತಳು. ವಾಚು ನೋಡಿದಳು. 1.35.

"ಅಯ್ಯ ನೇತ್ರಾ, ಒಂದೂವರೀಗೆ ಬಂದ್ ಆತು. ಟೈಮ್ ಮುಗೀತು."

ಐದೇ ನಿಮಿಷ. ರಸ್ತೆಬದಿಯಲ್ಲಿ ಕುಳಿತು ಅತ್ತುಬಿಟ್ಟೆ. ಅಷ್ಟರಲ್ಲಿ ಇದೇ ಸವಾರಿಯಲ್ಲಿ ನಮ್ಮ ಹಿಂದಿದ್ದ ಧೋಂಡಿಬಾ ಕಾಕಾ ದಾಟಿ ಹೋದರು. ನಿಪ್ಪಾಣಿ ಕಡೆಯ ಹಳ್ಳಿಯವರು, ಕುರಿ ಸಾಕುತ್ತಾರೆ, ಅರವತ್ತು ದಾಟಿದೆ. ಹಳೇ ಸೈಕಲ್, ಕಾಲಲ್ಲಿ ದಪ್ಪ ಚಪ್ಪಲಿ. ಕೈ ಎತ್ತಿದರು. ಪಾಪ, ಟೈಮ್ ಮುಗಿದದ್ದು ಅವರಿಗೂ ಗೊತ್ತಿಲ್ಲ ಅಂದುಕೊಂಡೆ.

ಹತ್ತು ನಿಮಿಷಕ್ಕೆ ಇವರ ಕಾರು ಬಂತು. ನೂಲಿನ ಕೆಲಸಕ್ಕೆ ಗಡಹಿಂಗ್ಲಜಕ್ಕೆ ಬಂದಿದ್ದರಂತೆ, ಸ್ನೇಹಲ ಫೋನ್ ಮಾಡಿದಳಂತೆ. ತಲೆ ಸವರಿದರು. "ನೂರಾ ಇಪ್ಪತ್ತ ಕಿಲೋಮೀಟರ್ ಹೊಡದೀ. ಭಾಳ ಆತು. ನಡಿ, ಮನಿಗೆ ಹೋಗೂಣು." ಎಷ್ಟು ಒಳ್ಳೆಯವರು ಅನ್ನಿಸಿತು. ನಿಜವಾಗಿ ಅನ್ನಿಸಿತು.

ಅಕ್ಟೋಬರ್ 22. ಮಧ್ಯಾಹ್ನ 3

ಸವಾರರ ಗ್ರೂಪಿನಲ್ಲಿ ಫೋಟೋ ಬಂದಿದೆ. ಧೋಂಡಿಬಾ ಕಾಕಾ ಕೊಲ್ಹಾಪುರದಲ್ಲಿ, ಕಾರ್ಡು ಎತ್ತಿ ಹಿಡಿದು ನಗುತ್ತಿದ್ದಾರೆ. ಒಂಬತ್ತು ನಿಮಿಷ ಉಳಿಸಿ ಮುಗಿಸಿದರಂತೆ.

ಹೇಗೆ? ನಮ್ಮ ಹಿಂದೆ ಇದ್ದವರು.

ಫೋಟೋ ದೊಡ್ಡದು ಮಾಡಿದೆ. ಕಾರ್ಡಿನಲ್ಲಿ ಅಚ್ಚಾಗಿದೆ. ಗಡಹಿಂಗ್ಲಜ, ಬರುವಾಗ — ಕೊನೆಯ ಹೊತ್ತು 14.20. ಮುದ್ರೆ 13.58. ಹತ್ತು ಸಲ ಓದಿದೆ. ಹದಿನಾಲ್ಕು ಇಪ್ಪತ್ತು ಅಂದರೆ ಎರಡು ಇಪ್ಪತ್ತು. ನನಗೆ ಮುಕ್ಕಾಲು ತಾಸು ಇತ್ತು. ನಾಲ್ಕು ಕಿ.ಮೀ.ಗೆ ಮುಕ್ಕಾಲು ತಾಸು.

ಸ್ನೇಹಲ ತಪ್ಪು ಓದಿರಬಹುದು. ಆರುನೂರು ಹೊಡೆದವಳು, ತಪ್ಪು ಓದುತ್ತಾಳೆಯೇ?

ಅದೇ ದಿನ, 4.30

ಅತ್ತೆ ಅಕ್ಕಿ ಆರಿಸುತ್ತಿದ್ದರು. ಸುಮ್ಮನೆ ಕೇಳಿದೆ, ರವಿವಾರ ಇವರು ಎಷ್ಟಕ್ಕೆ ಹೊರಟಿದ್ದರು ಅಂತ.

"ಹನ್ನೊಂದಕ್ಕ ಹೋದ್ನವ್ವಾ. ನೇತ್ರಾನ್ನ ಕರಕೊಂಡ ಬರ್ತೀನಿ, ರಾತ್ರಿಗೆ ಅಕಿಗೂ ಅಡಗಿ ಮಾಡ ಅಂದಾ."

ಹನ್ನೊಂದಕ್ಕೆ ನಾನು ಆಜರಾ ಏರಿನಲ್ಲಿದ್ದೆ. ಚೆನ್ನಾಗಿದ್ದೆ. ಹಾಡು ಗುನುಗುತ್ತಿದ್ದೆ.

ಅಕ್ಟೋಬರ್ 23

ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದೆ. ಬ್ಯಾಂಕಿನಲ್ಲಿ ಸ್ನೇಹಲ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದಳು. ನಾನು ಫೋಟೋ ತೋರಿಸಿದೆ. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಹಿಂದಿನ ವಾರ ದಾಜಿ ಫೋನ್ ಮಾಡಿದ್ರು," ಅಂದಳು. ಇವರನ್ನು ಅವಳು ಹಾಗೇ ಕರೆಯುವುದು, ಅಕ್ಕನ ಗಂಡನನ್ನು ಕರೆದ ಹಾಗೆ. "ಇಕಿ ಒಮ್ಮೆ ಮುಗಿಸಿದ್ಲಂದ್ರ ಮುಂದ ಮುನ್ನೂರ ಅಂತಾಳ, ನಾನೂರ ಅಂತಾಳ, ರಾತ್ರಿಯೆಲ್ಲಾ ರೋಡಿನ ಮ್ಯಾಲ ಇರ್ತಾಳ. ಒಮ್ಮೆ ಆಗಲಿಲ್ಲಂದ್ರ ತಾನಽ ಬಿಡ್ತಾಳ. ನೀ ಇಷ್ಟ ಮಾಡವ್ವಾ ಅಂದ್ರು. ನಾ ಏನ್ ಮಾಡ್ಲಿ? ನಿನಗ ಏನರ ಆಗಿದ್ರ ನನ್ನ ಮ್ಯಾಲ ಬರ್ತಿತ್ತು."

"ನಿನಗ ಹೇಳಿದ್ನಿ ನಾ. ಒಂದರ ಮುಗಸಬೇಕು ಅಂತ."

"ಹೂಂ. ಹೇಳಿದ್ದಿ."

ಡ್ರಾವರಿನಿಂದ ನನ್ನ ಕಾರ್ಡು ತೆಗೆದು ಕೊಟ್ಟಳು. ಎರಡು ಮುದ್ರೆ, ಮೂರನೇ ಮನೆ ಖಾಲಿ. ಅದರ ಪಕ್ಕ 14.20. ಒಮ್ಮೆ ನಾನೇ ನೋಡಿದ್ದರೆ ಸಾಕಿತ್ತು. ತನ್ನ ಕಾರ್ಡು ಇನ್ನೊಬ್ಬರ ಚೀಲಕ್ಕೆ ಕೊಡುವ ಮೂರ್ಖಿ ಬೇರೆ ಯಾರಿದ್ದಾರೆ?

ಸಂಜೆ ಇವರನ್ನು ಕೇಳಿದೆ. ಮುಚ್ಚಿಡಲಿಲ್ಲ.

"ನಿನ್ನ ಸಲುವಾಗಿ ಮಾಡಿದ್ದು."

"ಬ್ಯಾಡ ಅಂತ ನನಗಽ ಹೇಳಬೇಕಿತ್ತಲ್ರಿ. ಜಗಳ ಆಗ್ತಿತ್ತು, ಅಷ್ಟ."

"ಅಂದಿದ್ರ ನೀ ಕೇಳ್ತಿದ್ದ್ಯೇನು?"

ಕೇಳುತ್ತಿರಲಿಲ್ಲ. ಅದು ಇವರಿಗೂ ಗೊತ್ತಿತ್ತು, ಅದಕ್ಕೇ ಈ ದಾರಿ. ಎರಡು ದಿನ ನನ್ನ ಕಾಲುಗಳನ್ನು ನಾನೇ ಬೈದುಕೊಂಡೆನಲ್ಲ, ನಿಮ್ಮಿಂದ ಆಗಲಿಲ್ಲ ಅಂತ. ಅವುಗಳಿಂದ ಆಗುತ್ತಿತ್ತು. ಇಬ್ಬರೂ ಅದನ್ನು ತಿಳಿದೇ ನನ್ನ ಅಳು ನೋಡುತ್ತ ನಿಂತರು. ಆ ತಲೆ ಸವರಿದ್ದು ನೆನಪಾದರೆ ಮೈ ಮುಳ್ಳೇಳುತ್ತದೆ.

ನವೆಂಬರ್ 2. ಪಾಡವಾ, ದೀಪಾವಳಿಯ ಪಾಡ್ಯ

ಹತ್ತು ದಿನ ಮಾತಿಲ್ಲ. ಬರೆಯಲೂ ಇಲ್ಲ. ಒಬ್ಬಳೇ ಸೈಕಲ್ ಹೊಡೆದೆ.

ಇವತ್ತು ಬೆಳಗಲೇಬೇಕು. ಗಂಡನನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಆರತಿ. ಅತ್ತೆ ಬಾಗಿಲಲ್ಲೇ ನಿಂತಿದ್ದರು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಪ್ರತಿ ವರ್ಷ ತಟ್ಟೆಗೆ ಸೀರೆ ಬೀಳುತ್ತದೆ. ಈ ಸಲ ಸೈಕಲ್ಲಿಗೆ ಹಚ್ಚುವ ದೀಪ ಇಟ್ಟರು.

"ಡಿಸೆಂಬರದಾಗ ಮತ್ತ ಐತೆಲಾ? ಹೆಸರ ಕೊಡ. ನಾ ನಡುವ ಬರೂದಿಲ್ಲ. ಕೊಲ್ಹಾಪುರದಾಗ, ಮುಗಸೂ ಕಡೆ ನಿಂತಿರ್ತೀನಿ. ಆರತಿ ಮುಂದ ಹೇಳಾಕತ್ತೇನಿ."

ನಂಬಿದೆ. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದು ನಂಬದೆ ಇರುವುದೂ ದಣಿವಿನ ಕೆಲಸ. ಅತ್ತುಬಿಟ್ಟೆ. ಅತ್ತೆಗೆ ಏನೂ ಅರ್ಥವಾಗದೆ ಅವರೂ ಕಣ್ಣೊರೆಸಿಕೊಂಡರು.

ಡಿಸೆಂಬರ್ 14. ಸಂಜೆ

ಶೇಂಗಾ ಹೋಳಿಗೆ ನಾಲ್ಕು, ಬಾಳೆಹಣ್ಣು, ಎರಡು ಟ್ಯೂಬು. ಸ್ನೇಹಲಳ ಮೆಸೇಜು: "ನಾನೂ ಬರ್ಲಿ?" ಉತ್ತರ ಕೊಡಲಿಲ್ಲ. ಚಕ್ರಗಳಿಗೆ ಇವರೇ ಗಾಳಿ ಹೊಡೆದರು. "ಏಳೂವರಿಗೆ ಕೊಲ್ಹಾಪುರ. ನೆನಪೈತಿ ನನಗ," ಅಂದರು. ಖುಷಿಯಾಗಿದ್ದೇನೆ.

ಡಿಸೆಂಬರ್ 15. ಗಡಹಿಂಗ್ಲಜ, 2.13

ಫೋನಿನಲ್ಲಿ ಬರೆಯುತ್ತಿದ್ದೇನೆ, ಬಾಳೆಹಣ್ಣು ತಿನ್ನುತ್ತ. ಬರುವಾಗಿನ ಮುದ್ರೆ ಬಿತ್ತು, 2.11ಕ್ಕೆ. ಮುದ್ರೆ ಹಾಕುವ ಆಶಿಷ ನೀರು ಕೊಟ್ಟು, "ಭೇಷ್ ತಾಯಿ," ಅಂದರು. ಆಮೇಲೆ, "ನಿಮ್ಮ ಯಜಮಾನ್ರು ಹನ್ನೆರಡರಿಂದ ಕಾಯಾಕತ್ತಾರ್ರಿ," ಅಂದರು.

ತಿರುಗಿ ನೋಡಿದೆ. ಬೇವಿನ ಗಿಡದ ಕೆಳಗೆ ನಮ್ಮ ಕಾರು. ಡಿಕ್ಕಿ ತೆರೆದಿದೆ. ಹಿಂದಿನ ಸೀಟು ಮಡಚಿದೆ, ಮೇಲೆ ಹಳೇ ಚಾದರ ಹಾಸಿದೆ, ಸೈಕಲ್ಲಿನ ಎಣ್ಣೆ ಹತ್ತಬಾರದು ಅಂತ. ಮನೆಯಿಂದಲೇ ಮಡಚಿಕೊಂಡು ಬಂದಿದ್ದಾರೆ.

"ಕೊಲ್ಹಾಪುರದಾಗ ನಿಂದರ್ತೀನಿ ಅಂದಿದ್ರಿ."

"ಹೋಗೂಣಲ್ಲ, ಇಬ್ಬರೂ ಕೂಡೇ ಹೋಗೂಣು. ಗಾಳಿ ಭಾಳ ಐತಿ. ಮಾರಿ ನೋಡಕೋ ನಿಂದು, ಹೆಂಗಾಗೇತಿ."

ಈ ಸಲ ಅಳು ಬರಲಿಲ್ಲ. ಈ ಮನುಷ್ಯ ನಾನು ಮುಗಿಸುವುದನ್ನು ಮನಸ್ಸಿನಲ್ಲಿ ಒಮ್ಮೆಯೂ ನೋಡಿಯೇ ಇಲ್ಲ. ಆರತಿ ಮುಂದೆ ಹೇಳುವಾಗಲೂ ನೋಡಿರಲಿಲ್ಲ.

ಎಪ್ಪತ್ತೈದು ಕಿ.ಮೀ. ಐದು ತಾಸಿನ ಮೇಲೆ ಇದೆ. ಆಗುತ್ತದೆ. ಕಾರ್ಡು ನನ್ನ ಜೇಬಿನಲ್ಲೇ—

ಸೈಕಲ್ ಎತ್ತಿದ್ದಾರೆ. ಮುಂದಿನ ಚಕ್ರ ಆಗಲೇ ಕಾರಿನೊಳಗೆ. ಹೋಗಿ ಅವರ ಕೈಯಿಂದ ಬಿಡಿಸಿಕೊಳ್ಳಬೇಕು. ಹೊರಟೆ.